ಎರಡೆಲೆಯೋ, ಹೂವೋ?

ಜನಮತಗಣನೆ: ಏನು, ಏಕೆ, ಹೇಗೆ

1967ರ ಜನವರಿ 16ರಂದು ಗೋವಾದ ಮತದಾರರ ಕೈಗೆ ಬಂದ ಮತಪತ್ರದಲ್ಲಿ ಯಾವ ಅಭ್ಯರ್ಥಿಯ ಹೆಸರೂ ಇರಲಿಲ್ಲ. ಇದ್ದದ್ದು ಎರಡು ಚಿತ್ರ ಮಾತ್ರ. ಒಂದು ಹೂವು, ಇನ್ನೊಂದು ಎರಡು ಎಲೆ. ಹೂವನ್ನು ಆರಿಸಿದರೆ ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಲಿ ಎಂದು ಅರ್ಥ. ಎರಡೆಲೆಯನ್ನು ಆರಿಸಿದರೆ ಗೋವಾ ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಲಿ ಎಂದು ಅರ್ಥ. ಮೂರನೆಯ ಆಯ್ಕೆ ಇರಲಿಲ್ಲ.

ಹೀಗೆ ವ್ಯಕ್ತಿಯನ್ನಾಗಲಿ ಪಕ್ಷವನ್ನಾಗಲಿ ಆರಿಸದೆ, ಒಂದು ನಿರ್ದಿಷ್ಟ ಪ್ರಶ್ನೆಗೆ ಮತದಾರರು ನೇರವಾಗಿ ಉತ್ತರ ಕೊಡುವ ಮತದಾನಕ್ಕೆ ಜನಮತಗಣನೆ ಎಂದು ಹೆಸರು. ಪತ್ರಿಕೆಗಳಲ್ಲಿ ಇದನ್ನೇ ಜನಮತ ಸಂಗ್ರಹ, ಜನಾಭಿಪ್ರಾಯ ಸಂಗ್ರಹ, ರೆಫರೆಂಡಮ್ ಎಂದೆಲ್ಲ ಬರೆಯುವುದುಂಟು. 2016ರಲ್ಲಿ ಬ್ರಿಟನ್ನಿನ ಮತದಾರರು ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ಹೇಳಿದ್ದು ಹೀಗೆಯೇ. 2023ರಲ್ಲಿ ಆಸ್ಟ್ರೇಲಿಯದ ಮತದಾರರು ಅಲ್ಲಿನ ಮೂಲನಿವಾಸಿಗಳಿಗೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿಯೊಂದನ್ನು ತಿರಸ್ಕರಿಸಿದ್ದೂ ಹೀಗೆಯೇ.

ಚರ್ಚಾ ಕಾರ್ಯಕ್ರಮಗಳಲ್ಲಿ ಈ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. "ಎಲ್ಲವನ್ನೂ ಜನರನ್ನೇ ಕೇಳಿಬಿಟ್ಟರೆ ಆಗದೇ? ಶಾಸಕರು ಏಕೆ ಬೇಕು?" ಎಂಬುದು ಒಂದು. "ಕ್ಲಿಷ್ಟವಾದ ವಿಷಯಗಳನ್ನು ಸಾಮಾನ್ಯ ಜನ ತೀರ್ಮಾನಿಸಲು ಸಾಧ್ಯವೇ?" ಎಂಬುದು ಇನ್ನೊಂದು. ಎರಡನ್ನೂ ತೂಗಿ ನೋಡಬೇಕಾದರೆ ಜನಮತಗಣನೆ ನಡೆಯುವ ಬಗೆಯನ್ನು ಮೊದಲು ತಿಳಿಯಬೇಕು.

ಚುನಾವಣೆಗೂ ಇದಕ್ಕೂ ಏನು ವ್ಯತ್ಯಾಸ?

ಚುನಾವಣೆಯಲ್ಲಿ ನಾವು ಪ್ರತಿನಿಧಿಯನ್ನು ಆರಿಸುತ್ತೇವೆ. ರಸ್ತೆ, ಶಾಲೆ, ತೆರಿಗೆ, ಅಭ್ಯರ್ಥಿಯ ನಡತೆ, ಪಕ್ಷದ ಹೆಸರು, ಹೀಗೆ ಹತ್ತಾರು ಸಂಗತಿಗಳು ಆ ಒಂದು ಮತದಲ್ಲಿ ಸೇರಿಕೊಂಡಿರುತ್ತವೆ. ಗೆದ್ದ ಪಕ್ಷವು "ನಮ್ಮ ಇಂಥ ನೀತಿಗೆ ಜನ ಒಪ್ಪಿಗೆ ಕೊಟ್ಟಿದ್ದಾರೆ" ಎಂದು ಹೇಳಿಕೊಳ್ಳಬಹುದು. ಆದರೆ ಜನ ಮತ ಹಾಕಿದ್ದು ಆ ನೀತಿಗೋ ಬೇರೆ ಯಾವುದಕ್ಕೋ ಎಂದು ಎಣಿಕೆಯಿಂದ ತಿಳಿಯುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದ ಮಾತಿನಲ್ಲಿ ಹೇಳುವುದಾದರೆ ಚುನಾವಣೆಯ ಫಲಿತಾಂಶ ಒಂದು ಮಿಶ್ರಣ. ಜನಮತಗಣನೆ ಆ ಮಿಶ್ರಣದಿಂದ ಒಂದೇ ಒಂದು ಅಂಶವನ್ನು ಬೇರ್ಪಡಿಸಿ ಅಳೆಯುವ ಪ್ರಯತ್ನ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳೋಣ. ದೂರದರ್ಶನದಲ್ಲಿ "ಹೌದು ಎನ್ನುವವರು ಈ ಸಂಖ್ಯೆಗೆ ಫೋನ್ ಮಾಡಿ" ಎನ್ನುವುದು ಜನಮತಗಣನೆಯಲ್ಲ. ಅಲ್ಲಿ ಫೋನ್ ಮಾಡುವವರು ಆಸಕ್ತಿ ಇದ್ದವರು ಮಾತ್ರ, ಒಬ್ಬರೇ ಹತ್ತು ಸಲ ಮಾಡಲೂಬಹುದು. ಸಾವಿರ ಜನರನ್ನು ಆರಿಸಿ ಪ್ರಶ್ನೆ ಕೇಳುವ ಸಮೀಕ್ಷೆಯೂ ಜನಮತಗಣನೆಯಲ್ಲ, ಅದು ಅಂದಾಜು. ಜನಮತಗಣನೆಗೆ ಕಾನೂನು ಬೇಕು, ಮತದಾರರ ಪಟ್ಟಿ ಬೇಕು, ಗುಪ್ತ ಮತದಾನ ಬೇಕು, ಲೆಕ್ಕಕ್ಕೆ ಸಿಗುವ ಎಣಿಕೆ ಬೇಕು.

ಗೋವಾದ ಪ್ರಶ್ನೆ

ಗೋವಾ 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. 1961ರ ಡಿಸೆಂಬರ್ 19ರಂದು ಭಾರತೀಯ ಸೇನೆ ಅದನ್ನು ಬಿಡುಗಡೆ ಮಾಡಿತು. 1962ರ ಸಂವಿಧಾನ ತಿದ್ದುಪಡಿಯಿಂದ ಗೋವಾ, ದಮನ್ ಮತ್ತು ದಿಯು ಒಟ್ಟಾಗಿ ಕೇಂದ್ರಾಡಳಿತ ಪ್ರದೇಶವಾದವು. ಮುಂದೇನು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಭಾಷಾವಾರು ಪ್ರಾಂತಗಳು ರೂಪುಗೊಂಡು ಹೆಚ್ಚು ಕಾಲವಾಗಿರಲಿಲ್ಲ. ಗೋವಾದ ಮಾತು ಕೊಂಕಣಿ. ಅದು ಮರಾಠಿಯ ಉಪಭಾಷೆ, ಆದ್ದರಿಂದ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕು ಎಂದು ಒಂದು ಪಕ್ಷ ವಾದಿಸಿತು. ಕೊಂಕಣಿ ಸ್ವತಂತ್ರ ಭಾಷೆ, ಗೋವಾಕ್ಕೆ ತನ್ನದೇ ಚರಿತ್ರೆ ಮತ್ತು ಬದುಕಿನ ಕ್ರಮ ಇದೆ, ದೊಡ್ಡ ರಾಜ್ಯದಲ್ಲಿ ಅದು ಕರಗಿಹೋಗುತ್ತದೆ ಎಂದು ಇನ್ನೊಂದು ಪಕ್ಷ ವಾದಿಸಿತು.

1963ರ ಡಿಸೆಂಬರ್‌ನಲ್ಲಿ ಮೊದಲ ವಿಧಾನಸಭಾ ಚುನಾವಣೆ ನಡೆಯಿತು. ವಿಲೀನದ ಪರವಾಗಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರಕ್ಕೆ ಬಂತು. ದಯಾನಂದ ಬಾಂದೋಡಕರ್ ಮುಖ್ಯಮಂತ್ರಿಯಾದರು. ಜನ ನಮ್ಮನ್ನು ಗೆಲ್ಲಿಸಿದ್ದಾರೆ, ಅಂದರೆ ವಿಲೀನಕ್ಕೆ ಒಪ್ಪಿದ್ದಾರೆ ಎಂಬುದು ಅವರ ಪಕ್ಷದ ನಿಲುವು. ವಿರೋಧ ಪಕ್ಷವಾದ ಯುನೈಟೆಡ್ ಗೋವನ್ಸ್‌ನ ನಾಯಕ ಡಾ. ಜ್ಯಾಕ್ ಡಿ ಸಿಕ್ವೇರಾ ಇದನ್ನು ಒಪ್ಪಲಿಲ್ಲ. ಒಂದು ನಾಡಿನ ಅಸ್ತಿತ್ವದ ಪ್ರಶ್ನೆಯನ್ನು ಶಾಸಕರ ಸರಳ ಬಹುಮತದಿಂದ ತೀರ್ಮಾನಿಸಕೂಡದು, ಜನರನ್ನೇ ಕೇಳಬೇಕು ಎಂದು ಅವರು ಪಟ್ಟು ಹಿಡಿದರು. ಕೊನೆಗೆ 1966ರ ಡಿಸೆಂಬರ್‌ನಲ್ಲಿ ಸಂಸತ್ತಿನ ವಿಶೇಷ ಕಾಯಿದೆಯೊಂದು ಜನಾಭಿಪ್ರಾಯ ಸಂಗ್ರಹಕ್ಕೆ ದಾರಿ ಮಾಡಿತು.

ಕರ್ನಾಟಕದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಅದೇ ದಿನಗಳಲ್ಲಿ ಆಗಿನ ಮೈಸೂರು ರಾಜ್ಯ ಮತ್ತು ಮಹಾರಾಷ್ಟ್ರದ ಗಡಿವಿವಾದಕ್ಕಾಗಿ ಕೇಂದ್ರ ಸರ್ಕಾರ ಮಹಾಜನ್ ಆಯೋಗವನ್ನು ನೇಮಿಸಿತ್ತು. 1966ರ ಅಕ್ಟೋಬರ್‌ನಲ್ಲಿ ನೇಮಕವಾದ ಆ ಆಯೋಗ 1967ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಬೆಳಗಾವಿಯ ಪ್ರಶ್ನೆಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರ ಆಯೋಗ, ಪಕ್ಕದ ಗೋವಾದ ಪ್ರಶ್ನೆಗೆ ಮತಪೆಟ್ಟಿಗೆ. ಒಂದೇ ಕಾಲದಲ್ಲಿ, ಒಂದೇ ಬಗೆಯ ವಿವಾದಕ್ಕೆ ಎರಡು ವಿಧಾನಗಳು ಪ್ರಯೋಗವಾದವು. ಮಹಾಜನ್ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ಗೋವಾದ ಫಲಿತಾಂಶವನ್ನು ಎರಡೂ ಕಡೆಯವರು ಒಪ್ಪಬೇಕಾಯಿತು.

ನಡೆದ ಬಗೆ

ಅಳತೆ ಸರಿಯಾಗಿರಬೇಕಾದರೆ ಅಳೆಯುವ ಉಪಕರಣ ತಾನೇ ಒಂದು ಕಡೆಗೆ ವಾಲಿರಬಾರದು. ವಿಲೀನವನ್ನು ಬಯಸುವ ಸರ್ಕಾರವೇ ಅಧಿಕಾರದಲ್ಲಿದ್ದುಕೊಂಡು ಮತದಾನ ನಡೆಸಿದರೆ ಫಲಿತಾಂಶವನ್ನು ನಂಬುವವರು ಯಾರು ಎಂಬ ಆಕ್ಷೇಪ ಬಂತು. ಬಾಂದೋಡಕರ್ ಸರ್ಕಾರ 1966ರ ಡಿಸೆಂಬರ್ ಮೊದಲ ವಾರದಲ್ಲಿ ರಾಜೀನಾಮೆ ಕೊಟ್ಟಿತು. ಪ್ರದೇಶ ರಾಷ್ಟ್ರಪತಿ ಆಳ್ವಿಕೆಗೆ ಬಂತು. ಆಮೇಲೆಯೇ ಮತದಾನ ನಡೆದದ್ದು.

ಯಾರಿಗೆ ಮತ ಎಂಬುದೂ ವಿವಾದವಾಯಿತು. ಉದ್ಯೋಗಕ್ಕಾಗಿ ಮುಂಬಯಿ ಮುಂತಾದ ಕಡೆ ನೆಲೆಸಿದ್ದ ಗೋವನ್ನರಿಗೂ ಅಂಚೆಯ ಮೂಲಕ ಮತ ಹಾಕುವ ಅವಕಾಶ ಬೇಕೆಂದು ವಿಲೀನ ವಿರೋಧಿಗಳು ಕೇಳಿದರು. ಅದು ಈಡೇರಲಿಲ್ಲ. ಗೋವಾದ ಮತದಾರರ ಪಟ್ಟಿಯಲ್ಲಿದ್ದವರು 3,88,432 ಮಂದಿ. ಎರಡೂ ಕಡೆಯ ಪ್ರಚಾರ ಹಳ್ಳಿಹಳ್ಳಿಗೂ ಮುಟ್ಟಿತು. ವಿಲೀನದ ವಿರುದ್ಧ ಬಲವಾಗಿ ಬರೆದ ಪತ್ರಿಕೆಗಳಲ್ಲಿ 'ರಾಷ್ಟ್ರಮತ' ಎಂಬ ಮರಾಠಿ ದೈನಿಕವೂ ಒಂದು. ಮರಾಠಿ ಓದುವವರೆಲ್ಲ ವಿಲೀನದ ಪರ ಎಂದು ಲೆಕ್ಕ ಹಾಕಿದ್ದವರಿಗೆ ಇದು ಒಂದು ಪಾಠ.

ಮತ ಹಾಕಿದವರು 3,17,633 ಮಂದಿ, ಅಂದರೆ ಶೇಕಡ 81ಕ್ಕೂ ಹೆಚ್ಚು. ಎರಡೆಲೆಗೆ ಬಂದದ್ದು 1,72,191. ಹೂವಿಗೆ ಬಂದದ್ದು 1,38,170. ಉಳಿದವು ಅಸಿಂಧು. 34,021 ಮತಗಳ ಅಂತರದಿಂದ ಗೋವಾ ಪ್ರತ್ಯೇಕವಾಗಿಯೇ ಉಳಿಯಿತು. ದಮನ್ ಮತ್ತು ದಿಯುವಿನ ಮತದಾರರನ್ನು ಗುಜರಾತಿಗೆ ಸೇರುವಿರಾ ಎಂದು ಕೇಳಲಾಗಿತ್ತು. ಅವರೂ ಬೇಡವೆಂದರು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಎರಡೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಬಂತು. ವಿಲೀನವನ್ನು ತಿರಸ್ಕರಿಸಿದ ಅದೇ ಮತದಾರರು ವಿಲೀನ ಕೇಳಿದ್ದ ಪಕ್ಷವನ್ನೇ ಮತ್ತೆ ಗೆಲ್ಲಿಸಿದರು. ಬಾಂದೋಡಕರ್ ಮತ್ತೆ ಮುಖ್ಯಮಂತ್ರಿಯಾದರು. ಜನರಿಗೆ ಬುದ್ಧಿ ಸ್ಥಿರವಿಲ್ಲ ಎಂದು ಇದನ್ನು ಓದಬೇಕಾಗಿಲ್ಲ. ಆ ಪಕ್ಷವನ್ನು ಇಷ್ಟಪಟ್ಟವರಲ್ಲಿ ಹಲವರಿಗೆ ಬೇಕಾಗಿದ್ದದ್ದು ಅದರ ಆಡಳಿತ, ವಿಲೀನವಲ್ಲ. 1963ರ ಗೆಲುವನ್ನೇ ವಿಲೀನದ ಒಪ್ಪಿಗೆ ಎಂದು ತೆಗೆದುಕೊಂಡಿದ್ದರೆ ಗೋವಾದ ಜನರ ಮನಸ್ಸನ್ನು ಪೂರ್ತಿ ತಪ್ಪಾಗಿ ಓದಿದಂತಾಗುತ್ತಿತ್ತು.

ಇದರ ಮಿತಿಯನ್ನೂ ನೋಡಬೇಕು. ಮತಪತ್ರದಲ್ಲಿ "ಪ್ರತ್ಯೇಕ ರಾಜ್ಯ" ಎಂಬ ಆಯ್ಕೆ ಇರಲಿಲ್ಲ. ಗೋವಾ ರಾಜ್ಯವಾದದ್ದು ಇಪ್ಪತ್ತು ವರ್ಷಗಳ ನಂತರ, 1987ರ ಮೇ 30ರಂದು. ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ್ದು 1992ರಲ್ಲಿ. ಜನಮತಗಣನೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ತರುತ್ತದೆ. ಕೇಳದ ಪ್ರಶ್ನೆ ಹಾಗೆಯೇ ಕಾದಿರುತ್ತದೆ.

ಪ್ರಶ್ನೆಯನ್ನು ಬರೆಯುವವರು ಯಾರು?

ಸ್ಟುಡಿಯೋದಲ್ಲಿ ಸಭಿಕರನ್ನು "ಇದು ಸರಿಯೇ?" ಎಂದು ಕೇಳಿದರೆ ಏಳುವ ಕೈಗಳೂ "ಇದು ಸರಿ ಎಂದು ಒಪ್ಪುತ್ತೀರಲ್ಲವೇ?" ಎಂದು ಕೇಳಿದರೆ ಏಳುವ ಕೈಗಳೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಪ್ರಶ್ನೆಯ ಧಾಟಿಯೇ ಉತ್ತರವನ್ನು ಎಳೆಯುತ್ತದೆ.

2014ರಲ್ಲಿ ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂಬ ಮತದಾನ ನಡೆಯಿತು. ಅಲ್ಲಿನ ಸರ್ಕಾರ ಮೊದಲು ಸೂಚಿಸಿದ ಪ್ರಶ್ನೆ "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ?" ಎಂಬ ಧಾಟಿಯಲ್ಲಿತ್ತು. ಚುನಾವಣಾ ಆಯೋಗ ಅದನ್ನು ಜನರ ನಡುವೆ ಪರೀಕ್ಷಿಸಿ ನೋಡಿತು. "ಒಪ್ಪುತ್ತೀರಾ" ಎಂಬ ಮಾತು ಓದುಗರನ್ನು ಹೌದು ಎನ್ನುವ ಕಡೆಗೆ ತಳ್ಳುತ್ತದೆ ಎಂದು ಕಂಡಿತು. ಕೊನೆಗೆ "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?" ಎಂದಷ್ಟೇ ಕೇಳಲಾಯಿತು. 16 ಮತ್ತು 17 ವರ್ಷದವರಿಗೂ ಮತ ಇತ್ತು. ಶೇಕಡ 84.6ರಷ್ಟು ಜನ ಮತ ಹಾಕಿದರು. ಶೇಕಡ 55.3ರಷ್ಟು ಮಂದಿ ಬೇಡ ಎಂದರು.

ಪ್ರಶ್ನೆ ನಿಷ್ಪಕ್ಷಪಾತವಾಗಿದ್ದರೆ ಸಾಲದು, ಉತ್ತರದ ಅರ್ಥವೂ ಸ್ಪಷ್ಟವಾಗಿರಬೇಕು. 2016ರ ಜೂನ್ 23ರಂದು ಬ್ರಿಟನ್ನಿನ ಶೇಕಡ 51.9ರಷ್ಟು ಮತದಾರರು ಐರೋಪ್ಯ ಒಕ್ಕೂಟವನ್ನು ಬಿಡೋಣ ಎಂದರು. ಬಿಡುವುದು ಎಂದರೆ ಹೇಗೆ? ವ್ಯಾಪಾರದ ನಂಟು ಇಟ್ಟುಕೊಂಡೋ, ಎಲ್ಲವನ್ನೂ ಕಡಿದುಕೊಂಡೋ? ಮತಪತ್ರದಲ್ಲಿ ಅದು ಇರಲಿಲ್ಲ. ಕಾನೂನಿನ ದೃಷ್ಟಿಯಿಂದ ಆ ಮತದಾನ ಸಲಹೆ ಮಾತ್ರವಾಗಿತ್ತು. ಹೊರಬರುವ ಪ್ರಕ್ರಿಯೆ ಆರಂಭಿಸಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕೇ ಬೇಕು ಎಂದು 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಬ್ರಿಟನ್ ವಾಸ್ತವವಾಗಿ ಹೊರಬಂದದ್ದು 2020ರ ಜನವರಿ 31ರಂದು.

ಎಷ್ಟು ಮತ ಬಂದರೆ ಗೆಲುವು?

ಅರ್ಧಕ್ಕಿಂತ ಒಂದು ಹೆಚ್ಚು ಎಂಬುದು ಸರಳ ನಿಯಮ. ಅದರ ತೊಂದರೆ ಏನೆಂದು 1995ರ ಕ್ವಿಬೆಕ್ ತೋರಿಸಿತು. ಕೆನಡಾದಿಂದ ಬೇರೆಯಾಗುವ ಪ್ರಸ್ತಾಪಕ್ಕೆ ಅಲ್ಲಿ ಶೇಕಡ 49.42 ಹೌದು, ಶೇಕಡ 50.58 ಅಲ್ಲ. ಅಂತರ 54,288 ಮತ. ತಿರಸ್ಕೃತವಾದ ಮತಪತ್ರಗಳೇ ಅದಕ್ಕಿಂತ ಹೆಚ್ಚು, ಸುಮಾರು 86 ಸಾವಿರ. ಒಂದು ದೇಶ ಒಡೆಯುವುದೋ ಉಳಿಯುವುದೋ ಎಂಬುದು ಇಷ್ಟು ಸಣ್ಣ ಅಂತರದಲ್ಲಿ ತೀರ್ಮಾನವಾಗಬೇಕೇ?

ಆದ್ದರಿಂದ ಕೆಲವು ದೇಶಗಳು ಎರಡು ಬೀಗ ಹಾಕಿವೆ. ಆಸ್ಟ್ರೇಲಿಯದಲ್ಲಿ ಸಂವಿಧಾನ ತಿದ್ದಬೇಕಾದರೆ ಇಡೀ ದೇಶದ ಮತದಾರರ ಬಹುಮತವೂ ಬೇಕು, ಆರು ರಾಜ್ಯಗಳ ಪೈಕಿ ಕನಿಷ್ಠ ನಾಲ್ಕರಲ್ಲಿ ಬಹುಮತವೂ ಬೇಕು. 2023ರವರೆಗೆ ಅಲ್ಲಿ 45 ಪ್ರಸ್ತಾಪಗಳು ಜನರ ಮುಂದೆ ಬಂದವು. ಗೆದ್ದದ್ದು 8 ಮಾತ್ರ. ಬೀಗ ಬಿಗಿಯಾದಷ್ಟೂ ದುಡುಕು ಕಡಿಮೆ, ಆದರೆ ಬದಲಾವಣೆಯೂ ಕಷ್ಟ.

ಇಟಲಿಯಲ್ಲಿ ಇನ್ನೊಂದು ನಿಯಮ. ಇರುವ ಕಾನೂನನ್ನು ರದ್ದು ಮಾಡುವ ಜನಮತಗಣನೆ ಸಿಂಧುವಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಮತದಾರರು ಮತ ಹಾಕಿರಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಪ್ರಸ್ತಾಪವನ್ನು ಸೋಲಿಸಬೇಕೆನ್ನುವವರು "ಅಲ್ಲ" ಎಂದು ಮತ ಹಾಕುವ ಬದಲು ಮನೆಯಲ್ಲೇ ಉಳಿಯಿರಿ ಎಂದು ಜನರಿಗೆ ಹೇಳತೊಡಗಿದರು. ಮತ ಹಾಕದಿರುವುದೇ ಒಂದು ಅಸ್ತ್ರವಾಯಿತು.

ಸ್ವಿಟ್ಜರ್ಲೆಂಡಿನ ರೂಢಿ

ಬೇರೆ ದೇಶಗಳಲ್ಲಿ ಅಪರೂಪವಾದದ್ದು ಸ್ವಿಟ್ಜರ್ಲೆಂಡಿನಲ್ಲಿ ದಿನಚರಿ. ಅಲ್ಲಿ ವರ್ಷಕ್ಕೆ ನಾಲ್ಕು ಸಲದವರೆಗೆ ರಾಷ್ಟ್ರೀಯ ಪ್ರಶ್ನೆಗಳ ಮೇಲೆ ಮತದಾನ ನಡೆಯುತ್ತದೆ. ಪದ್ಧತಿಯ ಮುಖ್ಯ ಅಂಶಗಳು ಮೂರು.

ಒಂದು, ಕಡ್ಡಾಯ ಜನಮತಗಣನೆ. ಸಂವಿಧಾನದ ಯಾವ ತಿದ್ದುಪಡಿಯೂ ಜನರ ಬಹುಮತ ಮತ್ತು ಕ್ಯಾಂಟನ್‌ಗಳ, ಅಂದರೆ ಅಲ್ಲಿನ ರಾಜ್ಯಗಳ, ಬಹುಮತ ಎರಡೂ ಇಲ್ಲದೆ ಜಾರಿಗೆ ಬರುವುದಿಲ್ಲ.

ಎರಡು, ಐಚ್ಛಿಕ ಜನಮತಗಣನೆ. ಸಂಸತ್ತು ಮಾಡಿದ ಕಾನೂನು ಇಷ್ಟವಾಗದಿದ್ದರೆ 100 ದಿನಗಳೊಳಗೆ 50,000 ಸಹಿ ಸಂಗ್ರಹಿಸಿದರೆ ಆ ಕಾನೂನನ್ನು ಜನರ ಮುಂದೆ ಇಡಲೇಬೇಕು.

ಮೂರು, ಜನೋಪಕ್ರಮ. 18 ತಿಂಗಳಲ್ಲಿ 1,00,000 ಸಹಿ ಸಂಗ್ರಹಿಸಿದರೆ ಸಾಮಾನ್ಯ ನಾಗರಿಕರೇ ಹೊಸ ಸಂವಿಧಾನ ತಿದ್ದುಪಡಿಯನ್ನು ಸೂಚಿಸಬಹುದು.

ಪ್ರತಿ ಮತದಾನಕ್ಕೂ ಮುಂಚೆ ಸರ್ಕಾರ ಒಂದು ಪುಸ್ತಿಕೆಯನ್ನು ಮತದಾರರಿಗೆ ಕಳುಹಿಸುತ್ತದೆ. ಪ್ರಸ್ತಾಪವನ್ನು ತಂದವರ ವಾದವೂ ಅದರಲ್ಲಿರುತ್ತದೆ. ಜನರಿಗೆ ಬಿಟ್ಟರೆ ತಮಗೆ ಲಾಭವಾದದ್ದನ್ನೇ ಆರಿಸಿಕೊಳ್ಳುತ್ತಾರೆ ಎನ್ನುವವರು 2012ರ ಮಾರ್ಚ್‌ನ ಒಂದು ಮತದಾನವನ್ನು ನೋಡಬೇಕು. ಎಲ್ಲ ನೌಕರರಿಗೂ ವರ್ಷಕ್ಕೆ ಕನಿಷ್ಠ ಆರು ವಾರ ಸಂಬಳಸಹಿತ ರಜೆ ಕೊಡಬೇಕೆಂಬ ಪ್ರಸ್ತಾಪ ಅದು. ಮೂರರಲ್ಲಿ ಎರಡು ಪಾಲು ಮತದಾರರು ಬೇಡ ಎಂದರು. ಸಣ್ಣ ಉದ್ಯಮಗಳಿಗೆ ಹೊರೆಯಾಗಿ ಕೆಲಸಗಳೇ ಕಡಿಮೆಯಾದಾವು ಎಂಬ ವಾದ ಗೆದ್ದಿತು.

ಬಹುಮತ ಸಾಕೇ?

ಸ್ವಿಟ್ಜರ್ಲೆಂಡಿನ ಇನ್ನೊಂದು ಕಥೆಯನ್ನೂ ಹೇಳದೆ ಮುಗಿಸಿದರೆ ಅನ್ಯಾಯವಾದೀತು. ಮಹಿಳೆಯರಿಗೆ ಮತದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆ 1959ರಲ್ಲಿ ಅಲ್ಲಿ ಮತಕ್ಕೆ ಬಂತು. ಮತ ಹಾಕುವವರು ಪುರುಷರು ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಬೇಡ ಎಂದರು. ಭಾರತದ ಮಹಿಳೆಯರು ಆ ಹೊತ್ತಿಗೆ ಎರಡು ಮಹಾಚುನಾವಣೆಗಳಲ್ಲಿ ಮತ ಹಾಕಿ ಆಗಿತ್ತು. ಸ್ವಿಸ್ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಆ ಹಕ್ಕು ಸಿಕ್ಕಿದ್ದು 1971ರ ಮತದಾನದಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಸಣ್ಣ ಕ್ಯಾಂಟನ್‌ನಲ್ಲಿ ಪುರುಷರು ಬಯಲಿನಲ್ಲಿ ಸಭೆ ಸೇರಿ 1990ರಲ್ಲೂ ಬೇಡ ಎಂದರು. ಅದೇ ವರ್ಷ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವರ ತೀರ್ಮಾನವನ್ನು ಬದಿಗೊತ್ತಿ ಮಹಿಳೆಯರಿಗೆ ಹಕ್ಕು ಕೊಡಿಸಿತು.

ಇಲ್ಲಿ ಯೋಚಿಸಬೇಕಾದದ್ದು ಇದು. ಹೊಸ ಸೇತುವೆ ಬೇಕೇ ಎಂದು ಬಹುಮತದಿಂದ ನಿರ್ಧರಿಸಬಹುದು. ಇನ್ನೊಬ್ಬರ ಮೂಲಭೂತ ಹಕ್ಕು ಇರಬೇಕೇ ಬೇಡವೇ ಎಂದು ಅವರನ್ನು ಹೊರಗಿಟ್ಟು ಬಹುಮತದಿಂದ ನಿರ್ಧರಿಸಬಹುದೇ? ದಕ್ಷಿಣ ಆಫ್ರಿಕದಲ್ಲಿ 1992ರ ಮಾರ್ಚ್‌ನಲ್ಲಿ ವರ್ಣಭೇದವನ್ನು ಕೊನೆಗಾಣಿಸುವ ಮಾತುಕತೆ ಮುಂದುವರಿಯಬೇಕೇ ಎಂದು ಬಿಳಿಯರನ್ನು ಮಾತ್ರ ಕೇಳಲಾಯಿತು. ಶೇಕಡ 68.7ರಷ್ಟು ಮಂದಿ ಹೌದು ಎಂದರು. ಫಲಿತಾಂಶ ಒಳ್ಳೆಯದೇ ಆಯಿತು. ಆದರೆ ಆ ದೇಶದ ಬಹುಸಂಖ್ಯಾತರ ಭವಿಷ್ಯದ ಬಗ್ಗೆ ಅವರಿಗೇ ಮತವಿರಲಿಲ್ಲ.

ನಮ್ಮ ಸಂವಿಧಾನ ಏನು ಹೇಳುತ್ತದೆ?

ಭಾರತದ ಸಂವಿಧಾನದಲ್ಲಿ ಜನಮತಗಣನೆಗೆ ಅವಕಾಶವನ್ನು ಬರೆದಿಲ್ಲ. ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು ಮೂರನೆಯ ವಿಧಿ ಸಂಸತ್ತಿಗೆ ಕೊಟ್ಟಿದೆ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಜನರ ಮತ ಪಡೆಯಬೇಕೆಂದಿಲ್ಲ. ಗೋವಾಕ್ಕಾಗಿ ವಿಶೇಷ ಕಾಯಿದೆ ಬೇಕಾದದ್ದು ಇದರಿಂದಲೇ.

ಆದರೂ ಸ್ವಾತಂತ್ರ್ಯದ ಸುತ್ತಮುತ್ತ ಮತ್ತು ನಂತರ ಇಂಥ ಮತದಾನಗಳು ನಡೆದಿವೆ. 1947ರ ಜುಲೈಯಲ್ಲಿ ಸಿಲ್ಹೆಟ್ ಜಿಲ್ಲೆಯಲ್ಲಿ ನಡೆದದ್ದು ಒಂದು. ನವಾಬರು ಪಾಕಿಸ್ತಾನಕ್ಕೆ ಸೇರಿಸಲು ಹೊರಟಿದ್ದ ಜುನಾಗಢದಲ್ಲಿ 1948ರ ಫೆಬ್ರವರಿ 20ರಂದು ಚಲಾವಣೆಯಾದ 1,90,870 ಮತಗಳಲ್ಲಿ 91 ಮಾತ್ರ ಪಾಕಿಸ್ತಾನಕ್ಕೆ, ಉಳಿದವು ಭಾರತಕ್ಕೆ ಬಂದವು. ಸಿಕ್ಕಿಂನಲ್ಲಿ 1975ರ ಏಪ್ರಿಲ್ 10ರಂದು ವಿಧಾನಸಭೆ ನಿರ್ಣಯ ಮಾಡಿ, ನಾಲ್ಕೇ ದಿನಗಳಲ್ಲಿ, ಏಪ್ರಿಲ್ 14ರಂದು ಜನರ ಮತ ಕೇಳಿತು. 59,637 ಹೌದು, 1,496 ಅಲ್ಲ. ಸಿಕ್ಕಿಂ ಭಾರತದ ರಾಜ್ಯವಾಯಿತು. ಅಷ್ಟು ಕಡಿಮೆ ಅವಧಿಯಲ್ಲಿ ವಾದ-ಪ್ರತಿವಾದಕ್ಕೆ ಎಷ್ಟು ಸಮಯ ಸಿಕ್ಕೀತು ಎಂಬ ಪ್ರಶ್ನೆಯನ್ನು ಗೋವಾದ ಜೊತೆಗಿಟ್ಟು ಕೇಳಿಕೊಳ್ಳಬಹುದು.

ನೇರ ಪ್ರಜಾಪ್ರಭುತ್ವದ ಇನ್ನೊಂದು ರೂಪ ನಮ್ಮ ಹಳ್ಳಿಗಳಲ್ಲೇ ಇದೆ. ಗ್ರಾಮಸಭೆಗೆ 73ನೆಯ ತಿದ್ದುಪಡಿ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ಅದು 1993ರಲ್ಲಿ ಜಾರಿಗೆ ಬಂತು. ಗ್ರಾಮದ ಮತದಾರರೆಲ್ಲರೂ ಅದರ ಸದಸ್ಯರು, ಪ್ರತಿನಿಧಿಗಳು ಮಾತ್ರ ಅಲ್ಲ. ಅದರ ಶಕ್ತಿಯನ್ನು ದೇಶ ಕಂಡದ್ದು ಒಡಿಶಾದ ನಿಯಮಗಿರಿಯಲ್ಲಿ. ಬಾಕ್ಸೈಟ್ ಗಣಿಗಾರಿಕೆ ಅಲ್ಲಿನ ಬುಡಕಟ್ಟು ಜನರ ಹಕ್ಕುಗಳಿಗೆ ಧಕ್ಕೆ ತರುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೆಟ್ಟವನ್ನು ದೇವರೆಂದು ನಂಬುವ ಡೋಂಗ್ರಿಯಾ ಕೊಂಧ್ ಮುಂತಾದವರ 12 ಗ್ರಾಮಸಭೆಗಳು ನಡೆದವು. ಹನ್ನೆರಡೂ ಗಣಿ ಬೇಡ ಎಂದವು. ಗಣಿ ಬರಲಿಲ್ಲ.

ನಮ್ಮ ಊರುಗಳಲ್ಲಿ ಗ್ರಾಮಸಭೆಯ ದಿನ ಎಷ್ಟು ಮಂದಿ ಬರುತ್ತಾರೆ, ಬಂದವರಲ್ಲಿ ಎಷ್ಟು ಮಂದಿ ಬಾಯಿ ಬಿಡುತ್ತಾರೆ ಎಂಬುದು ನಿಮಗೇ ಗೊತ್ತು. 18 ತುಂಬಿದವರೆಲ್ಲ ಅಲ್ಲಿ ಎದ್ದು ಮಾತನಾಡಬಹುದು. ಅದಕ್ಕೆ ಯಾವ ಹೊಸ ಕಾನೂನೂ ಬೇಕಾಗಿಲ್ಲ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಕಾಲೇಜಿನಲ್ಲಿ ಸಮವಸ್ತ್ರ ಬೇಕೇ ಎಂದು ವಿದ್ಯಾರ್ಥಿಗಳ ಮತ ಕೇಳುತ್ತಾರೆ ಎನ್ನಿ. ಎರಡೂ ಕಡೆಯವರು ಒಪ್ಪುವಂಥ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

2. ಮುಂದಿನ ವರ್ಷ ಸೇರಲಿರುವವರಿಗೂ ಅದು ಅನ್ವಯಿಸುತ್ತದೆ, ಆದರೆ ಅವರಿಗೆ ಮತವಿಲ್ಲ. ಇದು ನ್ಯಾಯವೇ?

3. ಸಾವಿರ ವಿದ್ಯಾರ್ಥಿಗಳಲ್ಲಿ ಇನ್ನೂರು ಮಂದಿ ಮಾತ್ರ ಮತ ಹಾಕಿದರೆ ಫಲಿತಾಂಶವನ್ನು ಒಪ್ಪಬೇಕೇ? ಎಷ್ಟು ಮಂದಿ ಹಾಕಿದರೆ ಸಾಕು?

4. ಗೋವಾದಲ್ಲಿ ಸರ್ಕಾರ ರಾಜೀನಾಮೆ ಕೊಡದೆ ಮತದಾನ ನಡೆದು ಹೂವು ಗೆದ್ದಿದ್ದರೆ ಸೋತವರು ಅದನ್ನು ಒಪ್ಪುತ್ತಿದ್ದರೇ?

5. ಜನಮತಗಣನೆಗೆ ಎಂದೂ ಬಿಡಬಾರದ ಪ್ರಶ್ನೆಗಳು ಯಾವುವು? ಮೂರನ್ನು ಪಟ್ಟಿ ಮಾಡಿ, ಕಾರಣ ಕೊಡಿ.